ಹಳಿ ಕಿತ್ತ ಮೇಲೆ

ಸ್ಟರ್ಲಿಂಗ್ ಊರಿನ ನಮ್ಮ ಪಕ್ಕದ ಮನೆಯ ಡಾಕ್ಟರ್ ಅಂಕಲ್, ಎಪ್ಪತ್ತರ ದಶಕದಲ್ಲಿ ವೆಸ್ಟ್ ವರ್ಜೀನಿಯಾದ ಒಂದು ಕಲ್ಲಿದ್ದಲು ಗಣಿಯೂರಿನಲ್ಲಿದ್ದರು. ರೈಲು ಹಳಿಯ ಒಂದು ಕಡೆ ಮನೆಗಳು, ಇನ್ನೊಂದು ಕಡೆ ಆಸ್ಪತ್ರೆ. ಕಲ್ಲಿದ್ದಲಿನ ಗಾಡಿ ಅಡ್ಡ ನಿಂತರೆ ಯಾರೇ ಆದರೂ ಕಾಯಲೇಬೇಕು. ಆಂಟಿಗೆ ಹೆರಿಗೆ ನೋವು ಬಂದ ದಿನವೂ ಅದು ನಿಂತಿತ್ತು. ಅಂಕಲ್ ಆಸ್ಪತ್ರೆಯಲ್ಲಿ, ಆಂಟಿ ಹಳಿಯ ಆಚೆ ನೆರೆಯವರ ಕಾರಿನಲ್ಲಿ. ಗಾಡಿ ಕದಲುವಷ್ಟರಲ್ಲಿ ಮಗು ತೀರಿಹೋಗಿತ್ತು.

ಆಂಟಿ ಇರುವವರೆಗೂ ಅಂಕಲ್ ಆ ಊರಿನ ಸುದ್ದಿ ಎತ್ತಿದವರಲ್ಲ. 2006ರಲ್ಲಿ ಆಂಟಿ ತೀರಿಕೊಂಡ ಮೇಲೆ ನನ್ನನ್ನು ಕೇಳಿದರು: "ಆ ಟ್ರೈನಿಗೆ ಒಂದ್ಸಲ ಬಾಯ್ತುಂಬ ಬೈದು ಬರ್ಬೇಕು ಕಣಮ್ಮ. ಡ್ರೈವ್ ಮಾಡ್ತೀಯಾ?"

ಹೋದೆವು. ಗಣಿ ಮುಚ್ಚಿತ್ತು, ಹಳಿಯನ್ನೂ ಕಿತ್ತಿದ್ದರು. ಕಾರು ಒಂದು ಸಣ್ಣ ಕುಲುಕಾಟವೂ ಇಲ್ಲದೆ ಆ ಜಾಗ ದಾಟಿಬಿಟ್ಟಿತು.

"ದರಿದ್ರದವ್ರು! ಬೈಯೋಕಾದ್ರೂ ಒಂದು ಕಂಬಿ ಉಳಿಸಬಾರ್ದಿತ್ತಾ?" ಅಂದರು ಅಂಕಲ್. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ವಾಪಸ್ ತಿರುಗಿಸು. ಆಂಟಿ ಇದ್ದ ಕಾರು ನಿಂತಿದ್ದ ಕಡೆ ನಿಲ್ಸು."

ನಿಲ್ಲಿಸಿದೆ. ಎದುರಿಗೆ ಖಾಲಿ ರಸ್ತೆ, ಅದರಾಚೆ ಆಸ್ಪತ್ರೆಯ ಹಳೇ ಕಟ್ಟಡ. ಹಿಂದೆ ಬಂದ ಪಿಕಪ್‌ನವನು ಹಾರ್ನ್ ಹೊಡೆದು, ಗೊಣಗಿಕೊಂಡು ಪಕ್ಕದಲ್ಲಿ ಹೋದ. ಅಂಕಲ್ ಅಲ್ಲಾಡಲಿಲ್ಲ. ಉದ್ದನೆಯ ಕಲ್ಲಿದ್ದಲಿನ ಗಾಡಿಯೊಂದು ಪೂರ್ತಿ ದಾಟಿ ಹೋಗುವಷ್ಟು ಹೊತ್ತು ಕೂತೇ ಇದ್ದರು.

"ನಾನು ಆ ಕಡೆ ಕಾದಿದ್ದೆ. ಇಲ್ಲಿಂದ ಆಸ್ಪತ್ರೆ ಇಷ್ಟು ಹತ್ರ ಕಾಣ್ಸತ್ತೆ ಅಂತ ಅವ್ಳು ಒಂದ್ಸಲಾನೂ ಹೇಳ್ಲಿಲ್ಲ," ಅಂದರು. ಆಮೇಲೆ ಸೀಟ್ ಬೆಲ್ಟ್ ಎಳೆದುಕೊಂಡು, "ಈಗ ಹೋಗಮ್ಮ."