ಮುಚ್ಚಿಟ್ಟ ಸಾರು

ಹುರುಳಿಕಟ್ಟಿನ ಸಾರಿಗೆ ನಾನೊಮ್ಮೆ ನಾಚಿಕೊಂಡಿದ್ದೆ ಎಂದರೆ ನನ್ನ ಹುಟ್ಟೂರು ಉಡಿಗಾಲದವರು ನನ್ನನ್ನು ಊರೊಳಗೆ ಬಿಟ್ಟುಕೊಳ್ಳಲಿಕ್ಕಿಲ್ಲ. ಈಗ ಅದರ ಮಾತೆತ್ತಿದರೆ ಸಾಕು, ನನ್ನ ಎದೆ ಒಂದು ಗೇಣು ಅಗಲವಾಗುತ್ತದೆ. ಆದರೂ ತಪ್ಪು ಒಪ್ಪಿಕೊಂಡುಬಿಡುತ್ತೇನೆ.

ಆ ಸಾರಿಗೆ ರೂಪವೆಂಬುದು ಇಲ್ಲ, ನಿಜ. ಮೊದಲ ದಿನ ಕೆಸರಿನ ಬಣ್ಣ; ಮಾರನೆಯ ದಿನ ಮತ್ತೆ ಕುದಿಸಿದಾಗ ಗಾಡಿಯ ಕೀಲೆಣ್ಣೆಯ ಬಣ್ಣ. ರುಚಿ ಬರುವುದೂ ಆಗಲೇ. ಆಯುರ್ವೇದದವರು ಹುರುಳಿಯನ್ನು ಕುಲತ್ಥವೆಂದು ಕರೆದು, ಉಷ್ಣ, ಕಫಹರ ಎಂದೆಲ್ಲ ಹೊಗಳಿದ್ದಾರೆ. ಕುಲತ್ಥ ಎಂದರೆ ಕೈಮುಗಿಯೋಣ ಅನ್ನಿಸುತ್ತದೆ. ಹುರುಳಿ ಎಂದರೆ ಎತ್ತಿನ ನೆನಪಾಗುತ್ತದೆ. ನನ್ನ ಕಷ್ಟ ಶುರುವಾದದ್ದು ಅಲ್ಲಿಯೇ.

ಮೈಸೂರು ರಾಜ್ಯ ಇನ್ನೇನು ದೊಡ್ಡದಾಗುತ್ತದಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ನಾನು ಗುಂಡ್ಲುಪೇಟೆಯಲ್ಲಿ ಮೇಷ್ಟ್ರು, ಒಂಟಿ ಜೀವ. ಮೈಸೂರಿಗೆ ಹೋಗಿ ಹುಡುಗಿ ನೋಡಿ ಬಂದಿದ್ದೆ. ಮದುವೆ ಅಂತಾದರೆ ಇವಳನ್ನೇ ಎಂದು ಮನಸ್ಸು ಹಟ ಹಿಡಿದಿತ್ತು. ಕಚೇರಿಯೊಂದರಲ್ಲಿ ಹೆಡ್ ಗುಮಾಸ್ತರಾಗಿದ್ದ ಅವಳ ತಂದೆ ನನ್ನ ಮನೆ, ಊರು ನೋಡಿ ತೀರ್ಮಾನ ಹೇಳಲು ಬರುವವರಿದ್ದರು. ಮಧ್ಯಾಹ್ನದ ಊಟ, ನಾನು ದಿನವೂ ಉಣ್ಣುವ ಬಸಮ್ಮನ ಹೋಟೆಲಿನಲ್ಲಿ.

ಹೋಟೆಲೆಂದರೆ ಹೆಂಚಿನ ಸೂರು, ನಾಲ್ಕು ಮಣೆ, ಹಣೆತುಂಬ ವಿಭೂತಿಯ ಬಸಮ್ಮ. ಹಿಂದಿನ ದಿನವೇ ಹೋಗಿ, "ನಾಳೆ ಅನ್ನ, ಬೇಳೆ ಸಾರು, ಪಾಯಸ ಇರಲಿ. ಆ ಕರಿ ಸಾರಿನ ಮಡಕೆ ಮಾತ್ರ ಅವರ ಕಣ್ಣಿಗೆ ಬೀಳಬಾರದು" ಎಂದು ಕೇಳಿಕೊಂಡಿದ್ದೆ. ಬಸಮ್ಮ ಒಲೆಗೆ ಇನ್ನೊಂದು ಸೌದೆ ತಳ್ಳಿದರು. ಒಪ್ಪಿದರೆಂದುಕೊಂಡೆ.

ಮಾರನೆಯ ದಿನ ಅವರು ಬಂದು ಮನೆ ನೋಡಿದರು. ಹೋಟೆಲಿನಲ್ಲಿ ಎಲೆ ಹಾಕಿ ಅನ್ನ ಬಡಿಸಿದ್ದೂ ಆಯಿತು. ಗುಮಾಸ್ತರು ಮೂಗರಳಿಸಿ, "ಒಳಗಿಂದ ಏನೋ ಘಮ ಬರ್ತಿದೆಯಲ್ಲ?" ಎಂದರು.

"ಎತ್ತುಗಳಿಗೆ ಹುರುಳಿ ಬೇಯಿಸ್ತಿದಾರೆ" ಎಂದುಬಿಟ್ಟೆ.

ಬಸಮ್ಮನ ಕೈಯ ಸೌಟು ನಿಂತಿತು. "ಎತ್ಗಳ್ಗಾ? ನೆನ್ನೆ ಇದ್ರಲ್ಲೇ ಎರಡ್ ಮುದ್ದೆ ನುಂಗ್ಬುಟ್ಟು ಓದ್ರಲ್ಲ ಮೇಷ್ಟ್ರೇ, ನೀವೂ ಎತ್ತಾ? ನಾ ಮಾಡಿದ್ ಸಾರೇನ್ ಕದ್ದ ಮಾಲಾ, ಮುಚ್ಚಿಡಕ್ಕೆ?" ಎನ್ನುತ್ತ ಮಡಕೆಯನ್ನೇ ಹೊತ್ತು ತಂದರು. "ಉಂಡ್ ನೋಡಿ ಸಾಮಿ. ಎತ್ಗೋ ಮನ್ಸುರ್ಗೋ, ನೀವೇ ಯೋಳಿ."

ಮುದ್ದೆ ಬಿತ್ತು, ಸಾರು ಬಿತ್ತು, ಮೇಲೊಂದು ಉಂಡೆ ಬೆಣ್ಣೆ. ಮೈಸೂರಿನ ಬೆರಳುಗಳು ಅಳುಕುತ್ತ ಮೊದಲ ತುತ್ತು ಅದ್ದಿದವು. ಆಮೇಲೆ ಎರಡನೆಯ ಮುದ್ದೆ ಕೇಳಿದರು. ಹರಿಯುವ ಸಾರಿಗೆ ಅಂಗೈಯನ್ನೇ ಅಡ್ಡ ಇಟ್ಟರು. ಪಾಯಸ ಪಾಪ ಒಂದು ಮೂಲೆಯಲ್ಲಿ ತಣ್ಣಗಾಯಿತು. ನನಗೋ, ಹುರುಳಿ ಬಿತ್ತಿದ್ದರಿಂದ ಹಿಡಿದು ಒಗ್ಗರಣೆವರೆಗೆ ಎಲ್ಲ ನಾನೇ ಮಾಡಿದಷ್ಟು ಹೆಮ್ಮೆ.

ಕೈತೊಳೆದು ಬಂದವರು ಹೇಳಿದರು: "ಊಟ ಅಮೃತ. ಊರೂ ಒಪ್ಪಿಗೆ. ಅನುಮಾನ ಬಂದಿರೋದು ಹುಡುಗನ ಮೇಲೆ. ಇಂಥ ಸಾರನ್ನೇ ಮುಚ್ಚಿಡೋರು, ನನ್ನ ಮಗಳ ಹತ್ತಿರ ಇನ್ನೇನೇನು ಮುಚ್ಚಿಡ್ತೀರೋ!"

ಸಂಬಂಧ ಕೈತಪ್ಪಿತು ಅನ್ನಿಸಿದಾಗ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಮನೆಯ ಸೂರು ಸೋರುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ. ಬೆಳಗ್ಗೆ ತೋರಿಸಿದ ಬೀಟೆ ಮಂಚ ಹೆಡ್‌ಮೇಷ್ಟ್ರದು. ಮೈಮೇಲಿನ ಕೋಟೂ ಅವರದೇ. "ನಮ್ಮದು ಅಂತ ಎದೆ ತಟ್ಟಿ ಹೇಳೋಕೆ ಇರೋದು ಈ ಸಾರೊಂದೇ" ಎಂದೆ.

ಅವರು ನನ್ನನ್ನೂ ಕೋಟನ್ನೂ ಒಂದು ಗಳಿಗೆ ನೋಡಿ, ಚಪ್ಪಲಿ ಮೆಟ್ಟುತ್ತ, "ನಡೀರಿ, ನಿಮ್ಮನೇಲಿ ನೀರು ಕುಡಿದು ಹೊರಡ್ತೀನಿ" ಎಂದರು.

ಸಂಬಂಧ ಒಪ್ಪದೆ ಹೆಣ್ಣು ಕೊಡುವವರು ಗಂಡಿನ ಮನೆಯ ನೀರು ಮುಟ್ಟುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮನೆಯಲ್ಲಿ ಇದ್ದದ್ದು ಒಂದೇ ಲೋಟ. ದಾರಿಯಲ್ಲಿ ಅದನ್ನೂ ಹೇಳಿಬಿಟ್ಟೆ.