ಕೇಳದೆ ಬಂದ ಎರಡನೇ ಕಿವಿ

ಕೋವಿಡ್ ಕಳೆದ ಎರಡನೇ ವರ್ಷ. ಸರ್ಕಾರಿ ಆಸ್ಪತ್ರೆಯ ಆಡಿಯಾಲಜಿಸ್ಟ್ ಹುದ್ದೆಯಿಂದ ನಿವೃತ್ತನಾಗಿ, ಕೊಳ್ಳೇಗಾಲದ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿಗೆ ಔಷಧಿ ಕೊಡುವವನಲ್ಲ. ಎಷ್ಟು ಕೇಳಿಸುತ್ತದೆ ಎಂದು ಅಳೆದು, ಕೇಳಿಸದಷ್ಟನ್ನು ಯಂತ್ರದಿಂದ ತುಂಬಿಕೊಡಲು ನೋಡುವವನು. ಹೊರಗಿನ ಶಬ್ದ ಬಾರದಂತೆ ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಒಂದು ಚಿಕ್ಕ ಕೋಣೆ ಅಲ್ಲಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಅದರೊಳಗೆ ಹೋಗಿ ಕೂರುತ್ತಿದ್ದೆ. ಬಾಗಿಲು ಎಳೆದುಕೊಂಡರೆ ಹಿಂದಿನ ಬೀದಿಯ ಮಗ್ಗದ ಸದ್ದು, ಬಸ್ಸಿನ ಹಾರನ್ನು ಎಲ್ಲ ನೀರಿನೊಳಗೆ ಇಳಿದಂತೆ ಇಳಿದು, ಕೊನೆಗೆ ನನ್ನ ಉಸಿರೊಂದೇ ಉಳಿಯುತ್ತಿತ್ತು. ಇಂಥ ಕೋಣೆಗಳಲ್ಲಿ ಮೂವತ್ತು ವರ್ಷ ಕಳೆದವನಿಗೆ ಎಚ್ಚರ ಎಲ್ಲಿ ಮುಗಿದು ಕನಸು ಎಲ್ಲಿ ಶುರುವಾಯಿತು ಎಂಬುದು ಕೆಲವೊಮ್ಮೆ ತಿಳಿಯುವುದಿಲ್ಲ. ಶಿವಮಾದಮ್ಮನವರ ಸಂಗತಿಯೂ ನನಗೆ ಅರ್ಧ ಹಾಗೆಯೇ ನೆನಪಾಗುತ್ತದೆ. ಆದರೆ ನಡೆದದ್ದೆಲ್ಲ ನಿಜ. ಅವರ ಫೈಲು ಇನ್ನೂ ನನ್ನ ಹತ್ತಿರ ಇದೆ.

ಅವರು ಹನೂರು ತಾಲ್ಲೂಕಿನ ರಾಮಾಪುರದ ಕಡೆಯವರು. ವಯಸ್ಸು ಐವತ್ತರ ಆಚೆ ಈಚೆ. ಕಾಡಿಗೆ ಅಂಟಿಕೊಂಡಂತಿದ್ದ ಹೊಲದ ಬದಿಯಲ್ಲಿ ಇಪ್ಪತ್ತೆಂಟು ಆಡುಗಳನ್ನು ಮೇಯಿಸುತ್ತಿದ್ದರು. ಹಿಂದೆ ಕ್ಷಯಕ್ಕೆಂದು ತಿಂಗಳುಗಟ್ಟಲೆ ಇಂಜೆಕ್ಷನ್ ಆಗಿತ್ತು. ಜೀವ ಉಳಿಯಿತು, ಕಿವಿ ಹೋಯಿತು. ಕೆಲವು ಔಷಧಿಗಳು ಒಳಗಿವಿಯ ಸೂಕ್ಷ್ಮ ರೋಮಗಳನ್ನು ಹಾಳುಮಾಡುತ್ತವೆ. ಅವು ಮತ್ತೆ ಬೆಳೆಯುವುದಿಲ್ಲ. ನಾನು ಪರೀಕ್ಷೆ ಮಾಡಿದಾಗ ಎರಡೂ ಕಿವಿಯಲ್ಲಿ ಸುಮಾರು ಎಪ್ಪತ್ತು ಡೆಸಿಬಲ್ ನಷ್ಟ ಕಂಡಿತು. ಎದುರು ಕೂತು ಕೂಗಿ ಹೇಳಿದರೆ ಮಾತ್ರ ಮಾತು ತಲುಪುವ ಮಟ್ಟ ಅದು.

ಜೊತೆಗೆ ಬಂದಿದ್ದವನು ಅವರ ತಮ್ಮ ನಂಜುಂಡ. ಯಳಂದೂರಿನಲ್ಲಿ ಮನೆ, ಮಾದಪ್ಪನ ಬೆಟ್ಟದ ಕಡೆಗೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. ಎರಡೂ ಕಿವಿಗೆ ಯಂತ್ರ ಬೇಕು ಎಂದು ಅವನಿಗೆ ವಿವರಿಸಿದೆ. ಶಬ್ದ ಎಷ್ಟಿದೆ ಎಂದು ಹೇಳಲು ಒಂದು ಕಿವಿ ಸಾಕು, ಯಾವ ಕಡೆಯಿಂದ ಬಂತು ಎಂದು ತಿಳಿಯಲು ಎರಡು ಬೇಕು. ಎಡಗಿವಿಗೂ ಬಲಗಿವಿಗೂ ಅದು ತಲುಪುವ ಹೊತ್ತಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಮೆದುಳು ಅದರಿಂದಲೇ ದಿಕ್ಕು ಹಿಡಿಯುತ್ತದೆ. ನಂಜುಂಡ ಎಲ್ಲ ಕೇಳಿಸಿಕೊಂಡು, “ಈಗ ಒಂದ್ಕೆ ಮಾತ್ರ ದುಡ್ಡದೆ ಸಾ” ಅಂದ. ಆನ್‌ಲೈನ್‌ನಲ್ಲಿ ತರಿಸುತ್ತೇನೆ ಎಂದಾಗ, ನಾನು ಪ್ರೋಗ್ರಾಂ ಮಾಡಲು ಬರುವ ಒಂದು ಮಾದರಿಯ ಹೆಸರು ಬರೆದುಕೊಟ್ಟೆ. ಕಿವಿಯ ಹಿಂದೆ ಕೂರುವಂಥದ್ದು, ಎಡ ಬಲ ಎಂಬ ಭೇದವಿಲ್ಲ.

ಎರಡು ವಾರ ಬಿಟ್ಟು ಅಕ್ಕ ತಮ್ಮ ಬಂದರು. ಬೆಳಗಿನ ಹತ್ತು ಗಂಟೆ, ಮೋಡದ ದಿನ. ಮೇಜಿನ ಮೇಲೆ ನಂಜುಂಡ ಎರಡು ಡಬ್ಬ ಇಟ್ಟ. ಎರಡರ ಸೀಲೂ ಒಡೆದಿತ್ತು. ಹೇಗೋ ಎರಡಕ್ಕೂ ಹೊಂದಿಸಿದ್ದಾರೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಮೊದಲು ಬಲಗಿವಿಗೆ ಹಾಕಿದೆ. ಕಂಪ್ಯೂಟರಿಗೆ ತಂತಿ ಜೋಡಿಸಿ ಒಂದೊಂದೇ ಕಂಪನಾಂಕದ ಶಬ್ದವನ್ನು ಏರಿಸುತ್ತ ಹೋದೆ. ಶಿವಮಾದಮ್ಮ ಕಣ್ಣು ಮುಚ್ಚಿಕೊಂಡು, ಯಾರೋ ದೂರದಿಂದ ಕರೆದಂತೆ ತಲೆ ವಾಲಿಸಿದರು. ಆಮೇಲೆ ಎಡಗಿವಿಗೆ ಹಾಕಿದೆ.

ಅವರು ಎದ್ದು ನಿಂತರು. ಮೆಲ್ಲಗೆ ನಡೆದು ವರಾಂಡಕ್ಕೆ ಹೋದರು. ನಾನು ಹಿಂದೆ ಹೋದೆ. ಕೆಳಗೆ ಬೀದಿ ಎಂದಿನಂತೆ ಇತ್ತು. ಅವರು ಕಣ್ಣು ತೆರೆಯಲೇ ಇಲ್ಲ.

“ಎಡಗಡೆ ಮಗ್ಗ ಆಡ್ತಾದೆ,” ಅಂದರು. ಆಮೇಲೆ, “ಬಲಗಡೆ ಯಾರೋ ಪಾತ್ರೆ ಬೆಳಗ್ತಾವ್ರೆ.” ಕೊನೆಗೆ, ಯಾರಿಗೂ ಅಲ್ಲದ ದನಿಯಲ್ಲಿ, “ನಡುಮಧ್ಯೆ ನಾ ಇವ್ನಿ” ಅಂದರು.

ನನ್ನ ವೃತ್ತಿಯಲ್ಲಿ ಎಷ್ಟೋ ಜನ ಮೊದಲ ಸಲ ಕೇಳಿಸಿಕೊಳ್ಳುವುದನ್ನು ನೋಡಿದ್ದೇನೆ. ಅಳುವವರಿದ್ದಾರೆ, ಬೆದರುವವರಿದ್ದಾರೆ. ಎರಡು ಶಬ್ದಗಳ ಮಧ್ಯೆ ತಾನು ನಿಂತ ಜಾಗವನ್ನು ಹೀಗೆ ಹುಡುಕಿಕೊಂಡವರು ಇನ್ನೊಬ್ಬರಿಲ್ಲ. ಸುಮಾರು ಒಂದು ಗಂಟೆ ಅವರು ಆ ವರಾಂಡದಲ್ಲಿ ಅತ್ತಿಂದಿತ್ತ ನಡೆದಾಡಿದರು. ನಾನು ಬೇರೆ ರೋಗಿಯನ್ನು ನೋಡುತ್ತ, ನಡುನಡುವೆ ಅವರನ್ನೂ ನೋಡುತ್ತಿದ್ದೆ.

ಆಮೇಲೆ ಒಳಗೆ ಬಂದು ಕೂತು ತಮ್ಮನನ್ನು ಕೇಳಿದರು: “ನಾವು ಒಂದಲ್ವಾ ಏಳಿದ್ದು? ಎರಡ್ಯಾಕ್ ಬಂತು?”

ನಂಜುಂಡ ನಕ್ಕ. “ಅಂಗಡಿಯೋರು ತೆಪ್ಪಾಗಿ ಎರಡ್ ಸಲ ಕಳಿಸವ್ರೆ ಕಣಕ್ಕ. ಸೋಮವಾರ ಒಂದು ಬಂತು, ಬುಧವಾರ ಅಂತದ್ದೇ ಇನ್ನೊಂದು. ಮಾದಪ್ಪನೇ ಕೊಟ್ಟ ಅನ್ಕೊ.”

“ಮಾದಪ್ಪ ಕೊಡೋನು ಬಿಲ್ ಯಾಕ್ಲಾ ಇಡ್ತಾನೆ ಡಬ್ಬದೊಳ್ಗೆ?” ಎನ್ನುತ್ತ ಅವರು ಎಡಗಿವಿಯ ಯಂತ್ರವನ್ನು ತಾವೇ ತೆಗೆದರು. ತೆಗೆಯುವುದು ಹೇಗೆಂದು ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ಸೆರಗಿನಿಂದ ಒರೆಸಿ ಡಬ್ಬದಲ್ಲಿಟ್ಟು ನನ್ನ ಕಡೆ ತಳ್ಳಿದರು. “ಅವ್ರ್ಗೆ ಬರೀರಿ ಸಾ.”

ನಂಜುಂಡನ ಫೋನಿನಲ್ಲಿ ನೋಡಿದೆ. ಆರ್ಡರ್ ಒಂದೇ, ಹಣ ಹೋದದ್ದು ಒಂದೇ ಸಲ. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಸರಳವಾಗಿತ್ತು: ಎರಡೂ ಡಬ್ಬದ ಸೀರಿಯಲ್ ನಂಬರಿನ ಫೋಟೊ ತೆಗೆದು, ಆರ್ಡರ್ ನಂಬರಿನ ಸಮೇತ ಮಾರಿದವರಿಗೆ ಬರಹದಲ್ಲೇ ತಿಳಿಸಿ, ಅವರದೇ ಖರ್ಚಿನಲ್ಲಿ ಬಂದು ತೆಗೆದುಕೊಂಡು ಹೋಗಲು ಹೇಳಿ, ಉತ್ತರ ಬರುವವರೆಗೆ ಹಾಳಾಗದಂತೆ ಇಡಿ, ಬಳಸಬೇಡಿ. ಹಾಗೆಯೇ ಇಮೇಲ್ ಬರೆದು ಶಿವಮಾದಮ್ಮನವರಿಗೆ ಓದಿ ಹೇಳಿದೆ.

“ಒಂದ್ ಗಂಟೆ ಆಕಂಡಿದ್ದೆ ಅಂತಾನೂ ಬರೀರಿ,” ಅಂದರು. ಬರೆದೆ.

ಯಂತ್ರಕ್ಕೆ ತೇವ ತಾಗಬಾರದೆಂದು, ನೀರು ಹೀರುವ ಹರಳುಗಳಿರುವ ಡಬ್ಬದಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಸಂಗೀತ ಬರುತ್ತಿತ್ತು, ಸಂಗೀತದ ನಡುವೆ ಒಂದು ಹೆಣ್ಣು ದನಿ ಸ್ವಲ್ಪ ಕಾಯಿರಿ ಎನ್ನುತ್ತಿತ್ತು. ಹತ್ತನೇ ದಿನ ಶಿವಮಾದಮ್ಮ ಬಲಗಿವಿಯ ಯಂತ್ರದ ಹೊಂದಾಣಿಕೆಗೆ ಬಂದರು. ಉತ್ತರ ಬರುವವರೆಗೆ ಎಡಗಿವಿಗೂ ಹಾಕಿಕೊಳ್ಳಿ, ಯಂತ್ರ ಸವೆದೇನೂ ಹೋಗುವುದಿಲ್ಲ ಎಂದು ನಾನೇ ಆಸೆ ತೋರಿಸಿದೆ. ವಕೀಲರು ಹೇಳಿದ್ದಕ್ಕೆ ಅದು ವಿರುದ್ಧ ಎಂದು ಗೊತ್ತಿದ್ದೇ ಹೇಳಿದೆ.

“ಬ್ಯಾಡ ಸಾ. ಅಭ್ಯಾಸ ಆಗ್ಬುಟ್ರೆ ವಾಪಸ್ ಕೊಡಕ್ಕೆ ಮನ್ಸಾಗಲ್ಲ.”

ಹದಿನೈದನೇ ದಿನ ನಂಜುಂಡ ಒಬ್ಬನೇ ಬಂದ, ಯೂನಿಫಾರ್ಮಿನಲ್ಲೇ. ಕೂರಲಿಲ್ಲ. ಹಿಂದಿನ ದಿನ ಮುಂಜಾನೆ ಮಂಜು ಬಿದ್ದಿತ್ತಂತೆ. ಅಕ್ಕನಿಗೆ ಕೊಂಬೆ ಮುರಿದ ಸದ್ದು ಕೇಳಿಸಿದೆ. ಯಂತ್ರ ಬಲಗಿವಿಯಲ್ಲಿದ್ದುದರಿಂದ ಸದ್ದು ಬಲಗಡೆಯೇ ಅನಿಸಿದೆ. ಆಡುಗಳನ್ನು ಎಡಕ್ಕೆ ಹೊಡೆದುಕೊಂಡು ನಡೆದಿದ್ದಾರೆ. ಆನೆ ಇದ್ದದ್ದು ಎಡಕ್ಕೆ. ಮುಂದಿದ್ದ ಆಡು ತಟ್ಟನೆ ನಿಂತದ್ದರಿಂದ ಇವರೂ ನಿಂತರಂತೆ. ಮಂಜಿನೊಳಗೆ ಒಂದು ಬೂದು ಗೋಡೆ ಮೆಲ್ಲಗೆ ಉಸಿರಾಡುತ್ತಿತ್ತಂತೆ. ಹತ್ತು ಹೆಜ್ಜೆಯೂ ಇರಲಿಲ್ಲ. ಅದು ತಾನಾಗಿ ತಿರುಗಿ ಕಾಡಿಗಿಳಿಯಿತು.

“ನಮ್ಮಕ್ಕನ ಇನ್ನೊಂದು ಕಿವಿ ನಿಮ್ ಬೀರೂಲಿ ಕುಂತದೆ ಸಾ,” ಅಂದ ನಂಜುಂಡ. “ನೀವೂ ಅವ್ಳ ಜೊತೇಲಿ ಕುಣೀತಾ ಇದ್ದೀರಿ.”

ಅವನು ಹೋದ ಮೇಲೆ ಬೀರು ತೆಗೆದು ಆ ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡು ಸ್ಪಂಜಿನ ಕೋಣೆಯಲ್ಲಿ ಬಹಳ ಹೊತ್ತು ಕೂತೆ. ಇವರು ಇದನ್ನು ಇಟ್ಟುಕೊಂಡಿದ್ದರೆ ಬಹುಶಃ ಯಾರೂ ಕೇಳುತ್ತಿರಲಿಲ್ಲ. ನಾನು ಇಮೇಲ್ ಬರೆಯದೆ, ಬರೆದೆ ಎಂದಿದ್ದರೂ ನಡೆಯುತ್ತಿತ್ತು. ಒಂದು ಸುಳ್ಳಿನ ಬೆಲೆ ಒಂದು ಜೀವಕ್ಕಿಂತ ಹೆಚ್ಚೇ ಎಂದು ಮತ್ತೆ ಮತ್ತೆ ಕೇಳಿಕೊಂಡೆ. ಆದರೆ ಕಣ್ಣು ಮುಚ್ಚಿದರೆ, ಸೆರಗಿನಿಂದ ಯಂತ್ರ ಒರೆಸುತ್ತಿದ್ದ ಅವರ ಬೆರಳುಗಳೇ ಕಾಣುತ್ತಿದ್ದವು.

ಮರುದಿನ ಶಿವಮಾದಮ್ಮನವರೇ ಬಂದರು. ಅಂಗಡಿಯವರನ್ನು ಬೇಡಿಕೊಂಡು ನೋಡುತ್ತೇನೆ, ನಿಮ್ಮ ವಿಷಯ ಹೇಳುತ್ತೇನೆ ಎಂದೆ.

“ಬೇಡ್ಕೋಬ್ಯಾಡಿ. ಯಾವಾಗ ತಕಂಡೋಯ್ತಾರೆ ಅಂತ ಮಾತ್ರ ಕೇಳಿ,” ಅಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ, “ಆವತ್ತು ಆ ಒಂದ್ ಗಂಟೆ ಕೇಳುಸ್ಕಂಡಿದ್ದು ಇನ್ನೂ ಕಿವೀಲೇ ಅದೆ ಸಾ. ಅದ್ಕೇ ಕಷ್ಟ ಆಯ್ತಾ ಅದೆ. ಕೇಳ್ದೇ ಇದ್ದಿದ್ರೆ ಏನೂ ಇರ್ಲಿಲ್ಲ” ಅಂದರು.

ದೂರು ಹೇಳುವ ದನಿ ಅದಾಗಿರಲಿಲ್ಲ. ಆದರೂ ಕೇಳಿ ವಿಚಾರಿಸದೆ ಡಬ್ಬ ಕಂಡ ಕೂಡಲೇ ಎರಡನೆಯದನ್ನು ಕಿವಿಗೆ ಏರಿಸಿದ್ದವನು ನಾನು.

ಹತ್ತೊಂಬತ್ತನೇ ದಿನ ಉತ್ತರ ಬಂತು. ಕ್ಷಮೆ ಕೇಳಿದ್ದರು, ಧನ್ಯವಾದ ಹೇಳಿದ್ದರು. ವಸ್ತುವನ್ನು ಇಂಥ ದಿನ ಹಿಂಪಡೆಯುತ್ತೇವೆ ಎಂದಿದ್ದರು. ಹೇಳಿದ ದಿನವೇ ಮಧ್ಯಾಹ್ನ ಕೊರಿಯರಿನವನು ಬಂದು ಸೀರಿಯಲ್ ನಂಬರ್ ನೋಡಿ, ಡಬ್ಬಕ್ಕೆ ಕಂದು ಟೇಪು ಸುತ್ತಿ, ನನ್ನ ಸಹಿ ಹಾಕಿಸಿಕೊಂಡು ಮೆಟ್ಟಿಲಿಳಿದ. ಎರಡು ನಿಮಿಷದ ಕೆಲಸ. ರಸೀದಿಯನ್ನು ಅವರ ಫೈಲಿಗೆ ಪಿನ್ನು ಹಾಕಿದೆ.

ಆಮೇಲೆ ನನ್ನಿಂದ ಆಗುವ ಕೆಲಸ ಶುರುಮಾಡಿದೆ. ತಲೆಯನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿ, ಸದ್ದು ಎಲ್ಲಿ ಗಟ್ಟಿಯಾಗುತ್ತದೆ ಎಂದು ಹುಡುಕುವುದನ್ನು ಕಲಿಸಿದೆ. ಮುಂಜಾನೆ ಬೇಡ, ಬಿಸಿಲೇರಿದ ಮೇಲೆ ಆಡು ಬಿಡಿ ಎಂದೆ, ಒಪ್ಪಿದರು. ಸರ್ಕಾರದಿಂದ ಶ್ರವಣಯಂತ್ರ ಕೊಡುವ ಶಿಬಿರಕ್ಕೆ ಅವರ ಹೆಸರಿನಲ್ಲಿ ಅರ್ಜಿ ಹಾಕಿದೆ. ಅದಕ್ಕೆ ಬೇಕಾದ ಅಂಗವಿಕಲರ ಪ್ರಮಾಣಪತ್ರಕ್ಕೆ ಓಡಾಡಿದವನು ನಂಜುಂಡ. ನನ್ನೊಡನೆ ಮಾತು ಬಿಟ್ಟಿದ್ದವನು, ಕಾಗದಗಳನ್ನು ಮಾತ್ರ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಏಳು ತಿಂಗಳ ಮೇಲೆ ಎಡಗಿವಿಗೆ ಒಂದು ಯಂತ್ರ ಸಿಕ್ಕಿತು. ಅದು ಬೇರೆ ತಯಾರಿಕೆಯದು. ಎರಡು ತಯಾರಿಕೆಯ ಯಂತ್ರಗಳನ್ನು ಒಂದೇ ತಲೆಗೆ ಹೊಂದಿಸುವುದು ಸುಲಭವಲ್ಲ. ಒಂದರ ದನಿ ತೆಳು, ಇನ್ನೊಂದರದು ದಪ್ಪ. ಮೂರು ಸಲ ಕರೆಸಿ ಕೂರಿಸಿದೆ. ಪ್ರತಿಸಲವೂ ಹಾಕುವ ಮೊದಲು ಅವರನ್ನು ಕೇಳುತ್ತಿದ್ದೆ: ಇದು ಸುಮ್ಮನೆ ನೋಡುವುದಕ್ಕೆ, ತೆಗೆದರೆ ಬೇಸರವಾಗುವುದಿಲ್ಲ ತಾನೇ? ಅಂದಿನಿಂದ ಎಲ್ಲ ರೋಗಿಗಳಿಗೂ ಈ ಪ್ರಶ್ನೆ ಕೇಳುತ್ತೇನೆ. ಟ್ರಯಲ್ ಎಂಬುದು ನಮಗೆ ಹತ್ತು ನಿಮಿಷದ ಮಾತು. ಹಾಕಿಕೊಂಡವರಿಗೆ ಅದು ಎಷ್ಟು ಕಾಲದ್ದು ಎಂಬುದನ್ನು ಈ ಕೆಲಸ ನನಗೆ ನಿವೃತ್ತಿಯ ನಂತರ ಕಲಿಸಿತು.

ಮೂರನೇ ಸಲವೂ ಪರದೆಯ ಮೇಲೆ ಎರಡು ಯಂತ್ರಗಳ ದನಿ ತೋರಿಸುವ ಗೆರೆಗಳು ಒಂದಕ್ಕೊಂದು ಕೂಡಿಬರಲಿಲ್ಲ. ನಾನು ಬೇಸರದಿಂದ ಕೀಲಿಮಣೆಯ ಮೇಲೆ ಕೈಯಾಡಿಸುತ್ತಿದ್ದಾಗ ಶಿವಮಾದಮ್ಮ ಕಣ್ಣು ಮುಚ್ಚಿಕೊಂಡೇ ಅಂದರು: “ಒಂದ್ ಕಿವೀಲಿ ಊರು ಕೇಳ್ತದೆ ಸಾ, ಒಂದ್ ಕಿವೀಲಿ ಕಾಡು.”

“ಯಾವುದನ್ನ ಕಮ್ಮಿ ಮಾಡಲಿ?”

ಅವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಲೆ ತಿರುಗಿಸಿ ಕೇಳಿಸಿಕೊಂಡರು.

“ಯಾವ್ದೂ ಬ್ಯಾಡ. ಇರ್ಲಿ ಬುಡಿ.”

ನಾನು ತಂತಿ ಬಿಚ್ಚಿದೆ.