ಗಡಿ ದಾಟುವ ತೊಗಲಂಗಿ

ಮೂಡಲಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಔರಾದ ತಾಲ್ಲೂಕಿನ ಚಿಂತಾಕಿಯ ಹೊರಗೆ, ಕುರಿದಡ್ಡಿಯಲ್ಲಿ ಧೊಂಡಿಬಾ ನೆಲಕ್ಕೆ ಕೂತು ಸತ್ತ ಕುರಿಮರಿಯೊಂದರ ತೊಗಲು ಬಿಡಿಸುತ್ತಿದ್ದಾರೆ. ಬಲಗಾಲು ಮಡಚಲು ಬರುವುದಿಲ್ಲ, ಅದನ್ನು ಪಕ್ಕಕ್ಕೆ ಚಾಚಿಕೊಂಡಿದ್ದಾರೆ. ಕೈಯಲ್ಲಿ ಪುಟ್ಟ ಚೂರಿ. ಹೊಟ್ಟೆ ಸೀಳದೆ, ಮಗುವಿನ ಅಂಗಿ ಕಳಚುವ ಹಾಗೆ ಕತ್ತಿನಿಂದ ಹಿಂದಕ್ಕೆ ಎಳೆಯುತ್ತಾರೆ. ಕಾಲಿದ್ದ ಕಡೆ ನಾಲ್ಕು ತೂತು ಉಳಿಯುತ್ತವೆ. ಹೆಂಡತಿ ಭೀಮಬಾಯಿ ಬ್ಯಾಟರಿ ಹಿಡಿದು ನಿಂತಿದ್ದಾರೆ. ಆಚೆ ಗೂಟಕ್ಕೆ ಕಟ್ಟಿದ ತಾಯಿಕುರಿ ಒಂದೇ ಸಮನೆ ಒದರುತ್ತಿದೆ. ಅದರ ಕೆಚ್ಚಲು ಬಿಗಿದು ಹಾಲು ತಾನಾಗಿ ಸೋರುತ್ತಿದೆ.

"ನೀರ ಮುಟ್ಟಿಸಬಾರ್ದ್ರಿ. ಉಪ್ಪೂ ಹಚ್ಚಬಾರ್ದು. ವಾಸನಿ ಹೋಯ್ತಂದ್ರ ಇದು ಬರೇ ತೊಗಲು," ಎನ್ನುತ್ತಾರೆ ಧೊಂಡಿಬಾ, ತಲೆ ಎತ್ತದೆ.

ಗಡಿಯಾಚೆ, ತೆಲಂಗಾಣದ ಗದ್ದೆ ಸೀಮೆಯಲ್ಲಿ ಅವರ ತಮ್ಮನ ಮಗ ಅಮೋಲ್ ಹಿಂಡು ಇಳಿಸಿದ್ದಾನೆ. ಅಲ್ಲಿ ಒಂದು ತಾಯಿಕುರಿ ಹಾವು ಕಚ್ಚಿ ಸತ್ತಿದೆ, ಎಳೆಮರಿ ಉಳಿದಿದೆ. ಇಲ್ಲಿ ಹಾಲಿದೆ, ಕುಡಿಯುವ ಬಾಯಿಲ್ಲ. ಆದರೆ ಕುರಿ ಎಂಬ ಪ್ರಾಣಿ ನಾವು ತಿಳಿದಷ್ಟು ಸಾಧುವಲ್ಲ. ತನ್ನದಲ್ಲದ ಮರಿ ಮೊಲೆಗೆ ಬಂದರೆ ಮೂಸಿ ನೋಡಿ, ಗುದ್ದಿ ಕೆಡವುತ್ತದೆ. ಅದಕ್ಕಾಗಿ ಕುರುಬರು ತಬ್ಬಲಿಗೆ ಸತ್ತ ಮರಿಯ ತೊಗಲನ್ನು ತೊಡಿಸುತ್ತಾರೆ. ತಾಯಿ ಮೂಸುತ್ತದೆ, ತನ್ನದೇ ಮರಿಯ ವಾಸನೆ ಸಿಗುತ್ತದೆ, ಕಾಲು ಅಗಲಿಸಿ ನಿಲ್ಲುತ್ತದೆ. ಎರಡು ಮೂರು ದಿನ ಕಳೆದರೆ ಹಾಲಿನ ವಾಸನೆಯೇ ಮರಿಯ ಮೈಗೆ ಹತ್ತುತ್ತದೆ, ಆಮೇಲೆ ತೊಗಲು ತೆಗೆದು ಹೂಳಬಹುದು. ಮೋಸ ಎಂದರೆ ಮೋಸವೇ. ಒಂದು ಜೀವ ಉಳಿಯುವ ಮೋಸ.

ಧೊಂಡಿಬಾರ ಕೆಲಸ ಈ ಮೋಸವನ್ನು ಮೋಟರ್ ಸೈಕಲ್ ಮೇಲೆ ಹೇರಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದು. ಹೋಗುವಾಗ ಬಿಡಾರದವರಿಗೆ ಜೋಳದ ಹಿಟ್ಟು, ಖಾರದಪುಡಿ, ಕುರಿಯ ಔಷಧ. ಬರುವಾಗ ತಬ್ಬಲಿ ಮರಿ, ಕಾಲು ಮುರಿದ ಮರಿ, ಹಿಂಡಿನ ಸಂಗಡ ನಡೆಯಲಾರದ್ದು. ಒಮ್ಮೆ ನಾಂದೇಡದ ದಾರಿ, ಇನ್ನೊಮ್ಮೆ ನಿಜಾಮಾಬಾದಿನ ಕಡೆ. ಯಾವಾಗಲೂ ಒಬ್ಬರೇ, ಏಕೆಂದರೆ ಹಿಂದಿನ ಜಾಗವೆಲ್ಲ ಸಾಮಾನಿಗೆ, ಬುಟ್ಟಿಗೆ ಬೇಕು. ಕುರಿಗೆ ಗಡಿ ಗೊತ್ತಿಲ್ಲ ಎಂದು ಚೆಂದವಾಗಿ ಬರೆಯುವವರಿದ್ದಾರೆ. ಹಿಂಡಿನ ಕುರಿಗೆ ಚೆನ್ನಾಗಿ ಗೊತ್ತಿದೆ, ಗಡಿ ದಾಟಿದರೆ ಭತ್ತದ ಕೂಳೆ ಸಿಗುತ್ತದೆ. ಗಡಿಯ ಕಷ್ಟವೆಲ್ಲ ಬುಟ್ಟಿಯಲ್ಲಿ ಬರುವ ಮರಿಗೆ, ಅದನ್ನು ಹೊತ್ತು ತರುವ ಈ ಕುಂಟನಿಗೆ.

ಕುಂಟ ಎಂಬ ಮಾತು ಅವರದೇ. ಹಲವು ವರ್ಷಗಳ ಹಿಂದೆ ಬೀದರಿನ ಹೆದ್ದಾರಿಯಲ್ಲಿ ಲಾರಿಯೊಂದು ಅವರ ಹಿಂಡಿನ ಮೇಲೆ ಹರಿಯಿತು. ಕುರಿಗಳು ಸತ್ತವು, ಅವರ ಸೊಂಟದ ಎಲುಬು ಮುರಿಯಿತು. ಮುರಿದದ್ದು ಸೊಟ್ಟಗೆ ಕೂಡಿಕೊಂಡಿತು. ಹಿಂಡು ಯಾರಿಗೂ ಕಾಯುವುದಿಲ್ಲ, ಕಾಲೆಳೆಯುವವನಿಗಂತೂ ಇಲ್ಲವೇ ಇಲ್ಲ. ವರ್ಷಗಟ್ಟಲೆ ದಡ್ಡಿಯ ಬಾಗಿಲಲ್ಲಿ ಕೂತು, ಹೋಗುವ ಹಿಂಡುಗಳನ್ನು ನೋಡಿದರು. "ಸತ್ತಿದ್ರ ಚಲೋ ಇತ್ತು ಅನ್ನಿಸ್ತಿತ್ತ್ರಿ," ಎಂದು ಈಗಲೂ ನೇರವಾಗಿಯೇ ಹೇಳುತ್ತಾರೆ. ಆಮೇಲೆ ಹಳೆಯ ಗಾಡಿಯೊಂದು ಸಿಕ್ಕಿತು. ಕುರುಬ ಗಾಡಿ ಹತ್ತಿದ ಎಂದು ಊರು ನಕ್ಕಿತು. ಮೊದಲ ತಬ್ಬಲಿ ಬುಟ್ಟಿಯಲ್ಲಿ ಬಂದು ಬೇರೆ ತಾಯಿಯ ಹಾಲು ಕುಡಿದ ದಿನ ನಗು ನಿಂತಿತು.

ಪೆಟ್ರೋಲಿಗೆ ಹಿಂಡಿನವರು ಕೂಡಿ ಕೊಡುತ್ತಾರೆ. ಕೂಲಿ ಎಂದು ಅವರು ಕೇಳುವುದಿಲ್ಲ.

ಕಷ್ಟ ಶುರುವಾಗುವುದು ಗಡಿಯ ಪೊಲೀಸ್ ನಾಕಾದಲ್ಲಿ. ಯಾವ ನಾಕಾ ಎಂದು ಬರೆಯಬೇಡಿ ಎಂದು ಕೈಮುಗಿದಿದ್ದಾರೆ, ನಾಳೆ ಅದೇ ದಾರಿಯಲ್ಲಿ ಹೋಗಬೇಕು. ರಕ್ತದ ಕಲೆಯ ತೊಗಲು, ಅದರೊಳಗೆ ಉಸಿರಾಡುವ ಮರಿ, ಹರಕು ಕಂಬಳಿಯ ಒಂಟಿ ಮನುಷ್ಯ. ನೋಡಿದವರಿಗೆ ಕಳ್ಳತನ ಅನ್ನಿಸುತ್ತದೆ, ಇಲ್ಲವೇ ಮಾಟ. ಕನ್ನಡ, ಮರಾಠಿ, ತೆಲುಗು, ದಖ್ಖನಿ ಎಲ್ಲದರಲ್ಲೂ ಅವರು ಬೇಡಿಕೊಳ್ಳಬಲ್ಲರು. ಯಾವುದರಲ್ಲಿ ಬೇಡಿಕೊಂಡರೂ ಮೊದಲು ಗಾಡಿಯಿಂದ ಇಳಿಸುತ್ತಾರೆ. ಒಂದು ಸಲ ನಾಕಾ ದಾಟಿದ ಮೇಲೆ ದಾರಿಯ ಹುಡುಗರು ಕುರಿಗಳ್ಳ ಎಂದು ಹಿಡಿದು ಬಡಿದರು. ಮುಂದಿನ ಎರಡು ಹಲ್ಲು ಅಲ್ಲಿಯೇ ಹೋದವು. ಆ ಕಡೆ ನಿಜವಾಗಿಯೂ ಕುರಿ ಕದಿಯುವವರಿದ್ದಾರೆ. "ಅವರದೂ ಸಂಕಟ ಅದ, ಅವರ ಕುರಿನೂ ಹೋಗ್ಯಾವ," ಎನ್ನುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸು ಬರುವುದಿಲ್ಲ.

ಆದರೆ ಹಲ್ಲು ಮುರಿದವರಿಗಿಂತ ಅವರನ್ನು ಹೆಚ್ಚು ಕಾಡುವುದು ಒಬ್ಬ ಒಳ್ಳೆಯ ಪೇದೆ. ಎರಡು ವರ್ಷದ ಹಿಂದೆ ಆತ ನಾಕಾದಲ್ಲಿ ಬುಟ್ಟಿ ಬಿಚ್ಚಿಸಿದ. ರಕ್ತ ಹತ್ತಿದ ಮರಿಯನ್ನು ಕಂಡು ಮರುಗಿದ. ಧೊಂಡಿಬಾ ಬೇಡ ಬೇಡ ಎನ್ನುತ್ತಿದ್ದಂತೆಯೇ ತೊಗಲು ಕಿತ್ತು ಎಸೆದು, ಮರಿಯನ್ನು ನಲ್ಲಿಯ ಕೆಳಗೆ ಹಿಡಿದು, ಸಾಬೂನು ಹಚ್ಚಿ ತೊಳೆದ. ತನ್ನ ಟವೆಲಿನಿಂದ ಒರೆಸಿ ಕೈಗೆ ಕೊಟ್ಟ. ಬೆಳ್ಳಗೆ ಹೊಳೆಯುವ ಮರಿ ಮನೆಗೆ ಬಂತು. ತಾಯಿಕುರಿ ಒಮ್ಮೆ ಮೂಸಿತು, ಗುದ್ದಿ ಗೋಡೆಗೆ ಎಸೆಯಿತು. ಮರಿ ಉಳಿಯಲಿಲ್ಲ.

"ಹೊಡೆದವರಿಗಿ ಬೈಬಹುದ್ರಿ. ಮರುಗಿ ತೊಳೆದವನಿಗಿ ಏನಂತ ಬೈಲಿ?"

ಆ ಹೆದರಿಕೆಯಲ್ಲಿ ಮುಂದಿನ ಸಲ ಅವರೇ ಎಡವಿದರು. ನಾಕಾ ಬರುವ ಮೊದಲು ಮರಿಯ ಮೈಯಿಂದ ತೊಗಲು ಬಿಚ್ಚಿ, ಗಾಡಿಯ ಪಕ್ಕದ ಡಬ್ಬಿಯಲ್ಲಿ, ಎಣ್ಣೆ ಒರೆಸುವ ಬಟ್ಟೆಯಡಿ ಬಚ್ಚಿಟ್ಟರು. ಯಾರೂ ತಡೆಯಲಿಲ್ಲ. ಮನೆಗೆ ಬಂದು ತೊಡಿಸಿದರೆ ತಾಯಿಕುರಿ ಸೀನಿ ಹಿಂದೆ ಸರಿಯಿತು. ತೊಗಲಿಗೆ ಪೆಟ್ರೋಲು ಹತ್ತಿತ್ತು. "ಅದು ನಂದೇ ತಪ್ಪ. ನಾಕಾದವರಿಗಿ ಅಂಜಿ ಕುರಿಗಿ ಮರತೆ," ಎಂದು ಹೇಳುವಾಗ ಅವರ ಮುಖ ನೋಡಲಾಗುವುದಿಲ್ಲ. ಆಮೇಲೆ ಭಾಲ್ಕಿಯ ಗಾಡಿ ಮೇಸ್ತ್ರಿ ಕುತುಬೋದ್ದೀನರ ಬಳಿ ಹೋಗಿ, ಟ್ಯಾಂಕಿನಿಂದ ದೂರ, ಸೀಟಿನ ಹಿಂದಕ್ಕೆ ಚಾಚಿದ ಕಬ್ಬಿಣದ ಚೌಕಟ್ಟು ಮಾಡಿಸಿದರು. ಬುಟ್ಟಿ ಈಗ ಅದರ ಮೇಲೆ ಕೂರುತ್ತದೆ. "ಎಲ್ಲಾರೂ ಗಾಡಿ ಜೋರಾಗಿ ಓಡ್ಬೇಕಂತಾರ. ಈ ಧೊಂಡಿಬಾ ಒಬ್ಬನೇ 'ಮೇಸ್ತ್ರಿ, ಗಾಡಿ ವಾಸನಿ ಬರಬಾರ್ದು' ಅಂದಾವ," ಎಂದು ಕುತುಬೋದ್ದೀನ ನಗುತ್ತಾರೆ.

ಹಾಗಿದ್ದರೆ ಮರಿ ಸಾಗಿಸುವ ಪರವಾನಗಿ ಕಾಗದ ಮಾಡಿಸಿಕೊಳ್ಳಬಾರದೇಕೆ? ಬೀದರಿನ ಪಶುವೈದ್ಯರ ಕಚೇರಿಗೆ ಹೋಗಿ ಅದನ್ನೂ ಕೇಳಿ ಬಂದಿದ್ದಾರೆ. ಪ್ರಾಣಿಯನ್ನು ನೋಡದೆ ಕಾಗದ ಕೊಡುವುದಿಲ್ಲ. ಪ್ರಾಣಿ ಇರುವುದು ಗಡಿಯಾಚೆ. ಆಚೆಯವರ ಬಳಿ ಹೋಗಿ ಬರೆಸಿಕೊಂಡು ಬರುವಷ್ಟು ಹೊತ್ತು ಹಾಲಿಲ್ಲದ ಎಳೆಮರಿ ತಡೆಯುವುದಿಲ್ಲ. ಬಾಟಲಿ ಹಾಲು ಕುಡಿಸಿಯೂ ನೋಡಿದ್ದಾರೆ, ಹೊಟ್ಟೆ ಕೆಟ್ಟು ಸಾಯುತ್ತವೆ.

ಈ ಮುಂಜಾನೆ ತೊಗಲು ಬಿಡಿಸಿದ್ದಾಯಿತು. ಔಡಲ ಎಲೆಯಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿಡುತ್ತಾರೆ. ಭೀಮಬಾಯಿ ರೊಟ್ಟಿಯ ಗಂಟು ಕೊಡುತ್ತಾರೆ. "ಲಗು ಬರ್ರಿ. ನಾ ಇದರ ಹಾಲು ಪೂರಾ ಹಿಂಡಂಗಿಲ್ಲ," ಎನ್ನುತ್ತಾರೆ. ಹೋಗುವಾಗ ನಾಕಾದಲ್ಲಿ ತಡೆಯಲು ಯಾರೂ ಏಳುವುದಿಲ್ಲ. ಅಮೋಲನ ಬಿಡಾರದಲ್ಲಿ ಮರಿ ಹುಲ್ಲಿನ ಮೇಲೆ ಮಲಗಿದೆ, ಕೂಗುವ ದನಿಯೂ ಕುಂದಿದೆ. ಧೊಂಡಿಬಾ ಅಲ್ಲಿಯೇ ತೊಗಲಂಗಿ ತೊಡಿಸುತ್ತಾರೆ. ಬಿಸಿ ಮೈಮೇಲೆ ಇದ್ದರೆ ತೊಗಲು ಮೆತ್ತಗಿರುತ್ತದೆ, ದಾರಿಯುದ್ದಕ್ಕೂ ವಾಸನೆ ಒಳಗಿಳಿಯುತ್ತದೆ.

"ಕಾಕಾ, ಇವತ್ತ ನಾಕಾದಾಗ ಹೊಸಬ ಬಂದಾನಂತ. ಬ್ಯಾರೆ ಹಾದಿ ಹಿಡೀರಿ," ಎನ್ನುತ್ತಾನೆ ಅಮೋಲ್.

"ಬ್ಯಾರೆ ಹಾದಿ ಸುತ್ತ ಆಗ್ತದ. ಇದಕ್ಕ ಅಷ್ಟು ಟೈಮ್ ಇಲ್ಲೋ."

ಹೊಸಬ ತಡೆಯುತ್ತಾನೆ. ಬುಟ್ಟಿಯ ಮೇಲಿನ ಕಂಬಳಿ ಎತ್ತಿ ಬೆಚ್ಚಿ ಬೀಳುತ್ತಾನೆ. "ಯೇ ಕ್ಯಾ ಹೈ ರೇ?" ಧೊಂಡಿಬಾ ಹೇಳುತ್ತಾರೆ, ಮತ್ತೆ ಹೇಳುತ್ತಾರೆ, ಭಾಷೆ ಬದಲಿಸಿ ಹೇಳುತ್ತಾರೆ. ಸಾಹೇಬರು ಬರುವವರೆಗೆ ಗಾಡಿ ನಿಂತಲ್ಲೇ ನಿಲ್ಲಬೇಕು, ಯಾವುದನ್ನೂ ಮುಟ್ಟಬಾರದು ಎಂದು ಆತ ಕಂಬಳಿಯನ್ನೂ ತೆಗೆದಿಟ್ಟುಕೊಳ್ಳುತ್ತಾನೆ. ಆತನದೂ ತಪ್ಪೆನ್ನಲಾಗದು. ರಕ್ತ ಕಂಡು ಬಿಟ್ಟುಕಳಿಸಿದರೆ ನಾಳೆ ಅವನ ನೌಕರಿಗೇ ಕುತ್ತು.

ಯುಗಾದಿ ಕಳೆದ ಮೇಲಿನ ಬಿಸಿಲು. ಅಲ್ಲಿ ನೆರಳಿರುವುದು ಪೇದೆಗಳು ಕೂರುವ ತಗಡಿನ ಶೆಡ್ಡಿನಲ್ಲಿ ಮಾತ್ರ. "ಬುಟ್ಟಿ ಅಷ್ಟೇ ನೆರಳಾಗ ಇಡಲೇನ್ರಿ?" ಎಂದು ಕೇಳುತ್ತಾರೆ. "ಹಾತ್ ಮತ್ ಲಗಾ," ಮುಟ್ಟಬೇಡ ಎನ್ನುತ್ತಾನೆ ಹೊಸಬ. ಸರಿ ಎಂದು ಧೊಂಡಿಬಾ ಬುಟ್ಟಿಗೂ ಸೂರ್ಯನಿಗೂ ನಡುವೆ ಹೋಗಿ ನಿಲ್ಲುತ್ತಾರೆ. ಅವರ ನೆರಳು ಮರಿಯ ಮೇಲೆ ಬೀಳುತ್ತದೆ. ಸೂರ್ಯ ಸರಿದಂತೆ ಸೊಟ್ಟಕಾಲು ಎಳೆದುಕೊಂಡು ಅವರೂ ಸರಿಯುತ್ತಾರೆ. ಆದರೆ ನಡುಮಧ್ಯಾಹ್ನಕ್ಕೆ ಯಾವ ಮನುಷ್ಯನ ನೆರಳೂ ಅವನ ಕಾಲಡಿಯೇ ಬೀಳುತ್ತದೆ. ತೊಗಲಿನ ಬಾಲದ ಕಡೆಯ ಅಂಚು ಮಡಿಚಿಕೊಂಡು ಹಪ್ಪಳದಂತೆ ಒಣಗುವುದನ್ನು ಅವರು ನಿಂತು ನೋಡುತ್ತಾರೆ.

ಸಾಹೇಬರು ಬರುತ್ತಾರೆ. ಜೀಪಿನಿಂದ ಇಳಿಯದೆಯೇ ನೋಡುತ್ತಾರೆ. "ಜಾನೇ ದೋ."

ಊರು ಮುಟ್ಟಿದಾಗ ಹೊತ್ತು ವಾಲಿದೆ. ಭೀಮಬಾಯಿ ಬುಟ್ಟಿ ಇಳಿಸಿಕೊಂಡು ಮರಿಯನ್ನು ತಾಯಿಕುರಿಯ ಮುಂದೆ ನಿಲ್ಲಿಸುತ್ತಾರೆ. ಕುರಿ ಕತ್ತು ಮೂಸುತ್ತದೆ. ಬೆನ್ನು ಮೂಸುತ್ತದೆ. ಕೊರಳಲ್ಲಿ ಸಣ್ಣಗೆ ಗುರುಗುಟ್ಟುತ್ತದೆ, ಮರಿಯನ್ನು ಕರೆಯುವ ದನಿ ಅದು. ಆಮೇಲೆ ಅದು ತೊಗಲು ಒಣಗಿ ಮಡಿಚಿದ ಬಾಲದ ಬುಡಕ್ಕೆ ಬಂದು ಮೂಸುತ್ತದೆ, ತಲೆ ತಗ್ಗಿಸಿ ಗುದ್ದುತ್ತದೆ. ಭೀಮಬಾಯಿ ಅದರದೇ ಹಾಲು ಹಿಂಡಿ ಮರಿಯ ಹಿಂಭಾಗಕ್ಕೆ ಸವರುತ್ತಾರೆ. ಮತ್ತೆ ಗುದ್ದು. ಕೊನೆಗೆ ಧೊಂಡಿಬಾ ಕುರಿಯ ಕೊರಳು ಹಿಡಿಯುತ್ತಾರೆ, ಭೀಮಬಾಯಿ ಹಿಂಗಾಲು ಹಿಡಿದು ಮೊಲೆಯನ್ನು ಮರಿಯ ಬಾಯಿಗೆ ಇಡುತ್ತಾರೆ. ಎರಡು ಗುಟುಕು ಕುಡಿಯುತ್ತದೆ. ಮೂರನೆಯದಕ್ಕೆ ಅದರ ಬಾಯಲ್ಲಿ ಬಲವಿಲ್ಲ. ಬಿಸಿಲು ಮೊದಲೇ ಒಳಗಿಳಿದಿದೆ. ಹೊತ್ತು ಮುಳುಗುವ ಮುಂಚೆ ಭೀಮಬಾಯಿಯ ತೊಡೆಯ ಮೇಲೆ ಮರಿ ಸಾಯುತ್ತದೆ.

ಆಕೆ ಅಳುತ್ತಾರೆ. "ಹೊರಗ ಗಾಡಿ ಮ್ಯಾಗ ಸಾಯ್ಲಿಲ್ಲ ಅಲ್ಲ, ಮನ್ಯಾಗ ಬಂದು ಸತ್ತದ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಧೊಂಡಿಬಾ ಒಂದು ತೊಗಲಿನೊಳಗೆ ಎರಡು ಸಾವು ಎಂಬಂತೆ ಅದನ್ನು ಹಾಗೆಯೇ, ಅಂಗಿ ಬಿಚ್ಚದೆ, ದಡ್ಡಿಯ ಹಿಂದೆ ಹೂಳುತ್ತಾರೆ. ಕೈ ತೊಳೆದು ಬಂದು ಗಾಡಿಯ ಬಳಿ ನಿಂತು ಬುಟ್ಟಿಯೊಳಗಿನ ಹಳೆ ಹುಲ್ಲು ತೆಗೆದು ಹೊಸ ಹುಲ್ಲು ಹಾಸತೊಡಗುತ್ತಾರೆ. ಕರೆ ಯಾವಾಗ ಬಂದರೂ ಹೊರಡಬೇಕು.

ಸರ್ಕಾರದಿಂದ ಏನಾದರೂ ಆಗಬೇಕೆ ಎಂದು ಕೇಳಿದರೆ ಹುಲ್ಲು ಹಾಸುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ. ಪಿಂಚಣಿ, ಗಾಡಿ, ಮನೆ ಏನಾದರೂ ಕೇಳಿಯಾರು ಎಂದುಕೊಂಡರೆ ಅದೇನೂ ಅಲ್ಲ.

"ನಾಕಾದ ಬಲ್ಲಿ ಒಂದು ಗಿಡ ಹಚ್ಚಿಸ್ರಿ. ಬೇವಿಂದಿರ್ಲಿ, ಯಾವುದರೆ ಇರ್ಲಿ. ತಡೀಬ್ಯಾಡ್ರಿ ಅನ್ನಲ್ಲ, ತಡೀಲಿ, ಅವರ ಕೆಲಸ ಅದು. ಬುಟ್ಟಿ ಅಷ್ಟೇ ಅದರ ಕೆಳಗ ಇಡಾಕ ಬಿಡ್ಲಿ. ನಾ ಬಿಸಲಾಗೇ ನಿಲ್ತೇನಿ."